ಎಡಕ್ಕೆ ವಾಲುವ ಸೈಕಲ್ಲು

ಎಂಟನೆಯ ತರಗತಿಯ ಬೋರ್ಡಿನ ಮೇಲೆ ನಾನು ತ್ರಿಕೋನವೊಂದನ್ನು ಬರೆಯುತ್ತಿದ್ದೆ. ಶ್ರಾವಣದ ಮಳೆ ಹಿಡಿದಿತ್ತು, ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿದ್ದರು. ಮೂರನೆಯ ಗೆರೆ ಎಳೆಯುವಷ್ಟರಲ್ಲಿ ಬೋರ್ಡು ಎಡಕ್ಕೆ ಸರಿಯಿತು. ಕಣ್ಣು ಮುಚ್ಚಿ ತೆರೆದೆ. ಮತ್ತೆ ಸರಿಯಿತು. ಆಮೇಲೆ ಇಡೀ ಕೋಣೆಯೇ ಗರಗರ ತಿರುಗತೊಡಗಿತು. ಮೇಜಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತದ್ದು, ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ನೀರಿನ ಬಾಟಲಿಯನ್ನು ನನ್ನ ತುಟಿಗೆ ಹಿಡಿದದ್ದು, ಇಷ್ಟು ಮಾತ್ರ ನೆನಪಿದೆ.

ಒಳಗಿವಿಗೆ ಸೋಂಕು ತಗುಲಿದೆ ಎಂದರು ಆಸ್ಪತ್ರೆಯಲ್ಲಿ. ತಿರುಗುವುದು ನಾಲ್ಕು ದಿನಕ್ಕೆ ನಿಂತಿತು. ಆದರೆ ಎಡಗಿವಿಯ ಕೇಳಿಸುವ ಶಕ್ತಿ ಹೋಯಿತು, ಜೊತೆಗೆ ನೆಟ್ಟಗೆ ನಿಲ್ಲುವ ಅಭ್ಯಾಸವೂ ಹೋಯಿತು. ಐವತ್ತೊಂದು ವರ್ಷ ಯೋಚನೆಯೇ ಇಲ್ಲದೆ ಮಾಡಿಕೊಂಡು ಬಂದ ಕೆಲಸ ಅದು. ಈಗ ಅಡುಗೆಮನೆಯಿಂದ ಹಾಲಿಗೆ ಬರಬೇಕಾದರೆ ಗೋಡೆ ಹಿಡಿಯಬೇಕು. ತಲೆ ಬಾಗಿಸಿ ಮುಖ ತೊಳೆದರೆ ವಾಶ್‌ಬೇಸಿನ್ ಮೇಲೆ ಬಿದ್ದುಬಿಡುತ್ತಿದ್ದೆ. ಬಿದ್ದರೆ ಯಾವಾಗಲೂ ಎಡಕ್ಕೇ.

ಕಿವಿಯ ಡಾಕ್ಟರು ನನ್ನ ಮಗಳ ವಯಸ್ಸಿನವರು. "ಮೈಯ ಸಮತೋಲಕ್ಕೆ ಎಡಗಿವಿ ಕೊಡುತ್ತಿದ್ದ ಲೆಕ್ಕ ಇನ್ನು ಸಿಗುವುದಿಲ್ಲ, ಮ್ಯಾಡಂ. ಕಣ್ಣು, ಕಾಲು ಕೊಡುವ ಲೆಕ್ಕದ ಮೇಲೆ ನಿಮ್ಮ ಮೆದುಳು ಹೊಸದಾಗಿ ಕಲಿಯಬೇಕು. ಸುಮ್ಮನೆ ಮಲಗಿದರೆ ಅದು ಕಲಿಯುವುದಿಲ್ಲ" ಎಂದರು. ವ್ಯಾಯಾಮ ಹೇಳಿಕೊಟ್ಟರು: ಹೆಬ್ಬೆರಳನ್ನು ಮುಖದೆದುರು ಹಿಡಿದು, ದೃಷ್ಟಿಯನ್ನು ಅದರ ಮೇಲಿಂದ ತೆಗೆಯದೆ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ದಿನಕ್ಕೆ ಐದು ಸಲ.

ನಾನು ಗಣಿತದ ಟೀಚರು. ಬೋರ್ಡಿನ ಕಡೆ ತಿರುಗುವುದು, ಮಕ್ಕಳ ಕಡೆ ತಿರುಗುವುದು, ಮತ್ತೆ ಬೋರ್ಡಿನ ಕಡೆ ತಿರುಗುವುದು, ನನ್ನ ಕಸುಬು ಅಂದರೆ ಅದೇ. ರಜೆ ಮುಗಿದರೆ ಲೈಬ್ರರಿಯಲ್ಲಿ ಕೂಡಿಸುತ್ತೇವೆ ಎಂದು ಶಾಲೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿ ಕಳಿಸಿದ್ದರು. ನನ್ನ ಯಜಮಾನರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು.

"ಸಾಕ ಬಿಡು. ಸ್ವಯಂ ನಿವೃತ್ತಿ ತಗೋ. ಇಪ್ಪತ್ತಾರು ವರ್ಷ ಕಲಿಸಿದಿ, ಇನ್ನೇನೈತಿ?"

"ಇನ್ನ ಒಂಬತ್ತು ವರ್ಷ ಐತ್ರಿ," ಎಂದೆ.

ನಾವಿಬ್ಬರೂ ಧಾರವಾಡದ ಕಡೆಯವರು. ನಾಗಪುರಕ್ಕೆ ಬಂದು ಹದಿನೆಂಟು ವರ್ಷವಾಯಿತು. ಅವರು ಕೇಂದ್ರ ಸರ್ಕಾರದ ಕೆಲಸದಲ್ಲಿದ್ದಾರೆ, ಉಮರೇಡಿನ ಕಲ್ಲಿದ್ದಲ ಗಣಿಗಳನ್ನು ಪರಿಶೀಲಿಸಲು ವಾರಕ್ಕೆರಡು ಸಲ ಹೋಗುತ್ತಾರೆ. ಮನೆ ಮನೀಶ್ ನಗರದಲ್ಲಿ. ಮುಂದೆ ಅಪಾರ್ಟ್‌ಮೆಂಟುಗಳು ಒತ್ತಿಕೊಂಡು ಬಂದಿದ್ದರೂ ನಮ್ಮ ಮನೆಯ ಹಿಂದೆ ಒಂದಿಷ್ಟು ಹಿತ್ತಲು ಉಳಿದಿದೆ: ಒಂದು ಪೇರಲ ಗಿಡ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಆಚೆಗೆ ಪಕ್ಕದ ಮನೆಯ ಗೋಡೆ.

ವ್ಯಾಯಾಮಕ್ಕೆ ನಾನು ಹಿತ್ತಲಲ್ಲೇ ಕುರ್ಚಿ ಹಾಕಿಕೊಳ್ಳುತ್ತಿದ್ದೆ. ಸ್ವಂತ ಹೆಬ್ಬೆರಳನ್ನು ಎಷ್ಟು ದಿನ ನೋಡುವುದು? ದೀಪಾವಳಿಯ ಹೊತ್ತಿಗೆ ನನಗೆ ಅದರ ಉಗುರಿನ ಒಂದೊಂದು ಗೆರೆಯೂ ಗೊತ್ತಾಗಿ ಬೇಸರ ಬಂದಿತ್ತು. ಒಂದು ಬೆಳಿಗ್ಗೆ ಗೋಡೆಯ ಮೇಲೆ ಹಕ್ಕಿಯೊಂದು ಬಂದು ಕೂತಿತು. ಗುಬ್ಬಿಯಷ್ಟೇ ದೊಡ್ಡದು, ಎದೆಯವರೆಗೆ ಮಸಿಯ ಬಣ್ಣ, ಹೊಟ್ಟೆ ಇಟ್ಟಿಗೆಗೆಂಪು. ಕೂತಲ್ಲೇ ಬಾಲವನ್ನು ಚಳಿ ಹತ್ತಿದವರ ಹಾಗೆ ಥರಥರ ನಡುಗಿಸುತ್ತಿತ್ತು. ಹೆಬ್ಬೆರಳು ಇಳಿಸಿ ಹಕ್ಕಿಯ ಮೇಲೆ ಕಣ್ಣು ನೆಟ್ಟು ತಲೆ ತಿರುಗಿಸಿದೆ. ಮೊದಲ ಸಲಕ್ಕೆ ಒಂದು ಹಕ್ಕಿ ಮೂರಾಗಿ ಕಂಡಿತು. ವಾಂತಿ ಬಂದಂತಾಯಿತು. ಹಕ್ಕಿ ಕದಲಲಿಲ್ಲ. ಮತ್ತೆ ತಿರುಗಿಸಿದೆ.

"ಆ ಹಕ್ಕಿಯ ಹೆಸರು ಥಿರಥಿರಾ," ಎಂದಿತು ಗೋಡೆಯಾಚೆಯ ದನಿ.

ಪಕ್ಕದ ಮನೆಯ ಕಾಕಾ. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಮೂವತ್ತೈದು ವರ್ಷ ಬಾಯ್ಲರು ನೋಡಿಕೊಂಡು ನಿವೃತ್ತರಾದವರು. ಎಪ್ಪತ್ತು ದಾಟಿದೆ, ಒಬ್ಬರೇ ಇರುತ್ತಾರೆ. ಅಷ್ಟು ವರ್ಷ ನೆರೆಯಲ್ಲಿದ್ದರೂ ಅವರಿಗೆ ಹಕ್ಕಿಯ ಹುಚ್ಚಿರುವುದು ನನಗೆ ಗೊತ್ತಿರಲಿಲ್ಲ. ನಾನು ಬೆಳಿಗ್ಗೆ ಏಳಕ್ಕೆ ಶಾಲೆಯ ಬಸ್ಸು ಹಿಡಿಯುವವಳು, ಗೋಡೆಯ ಮೇಲೆ ಏನು ಕೂರುತ್ತದೆ ಎಂದು ಎಂದೂ ನೋಡಿದವಳಲ್ಲ.

"ಹಿಮಾಲಯದ ಆಚೆಯಿಂದ ಬರುತ್ತೆ, ಬಾಈ. ಚಳಿಗಾಲ ಪೂರ್ತಿ ಇಲ್ಲೇ," ಎಂದರು ಮರಾಠಿಯಲ್ಲಿ. ಮರಾಠಿಯವರು ಟೀಚರನ್ನು ಬಾಈ ಎಂದೇ ಕರೆಯುವುದು. "ನೀವು ಯಾಕೆ ಅದರ ಕಡೆ ನೋಡಿ ಬೇಡ ಬೇಡ ಅಂತ ತಲೆ ಆಡಿಸ್ತಿದ್ದೀರಿ?"

ಎರಡು ತಿಂಗಳಲ್ಲಿ ಮೊದಲ ಸಲ ನಾನು ನಕ್ಕೆ. ಕಾಯಿಲೆಯ ವಿಷಯ ಹೇಳಿದೆ. ಅವರು ಅಯ್ಯೋ ಪಾಪ ಎನ್ನಲಿಲ್ಲ. ಒಳಗೆ ಹೋಗಿ ಒಂದು ಹಳೆಯ ದುರ್ಬೀನು ತಂದು ಗೋಡೆಯ ಮೇಲಿಂದ ಕೊಟ್ಟರು.

ಅಂದಿನಿಂದ ಹಿತ್ತಲು ನನ್ನ ಶಾಲೆಯಾಯಿತು. ಪೇರಲ ಗಿಡಕ್ಕೆ ಬರುವ ಪಿಕಳಾರಗಳು, ಏಳೆಂಟು ಸೇರಿ ಕಚಪಚ ಜಗಳವಾಡುವ ಹರಟೆಮಲ್ಲಗಳು, ಕರಿಬೇವಿನ ಹೂವಿಗೆ ಸೂರಕ್ಕಿ, ವಿದ್ಯುತ್ ತಂತಿಯ ಮೇಲೆ ಕಾಜಾಣ. ಒಂದು ಕಿವಿಯಲ್ಲಿ ಕೇಳುವವರಿಗೆ ಸದ್ದು ಕೇಳಿಸುತ್ತದೆ, ಯಾವ ಕಡೆಯಿಂದ ಎಂಬುದು ಮಾತ್ರ ತಿಳಿಯುವುದಿಲ್ಲ. ಕೂಗು ಕೇಳಿದೊಡನೆ ನಾನು ಇಡೀ ಹಿತ್ತಲನ್ನು ಕಣ್ಣಲ್ಲೇ ಗುಡಿಸಬೇಕಾಗುತ್ತಿತ್ತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ವ್ಯಾಯಾಮ ಅದರಿಂದಲೇ ಆಯಿತು. ನವೆಂಬರ್ ಕೊನೆಗೆ ಗೋಡೆ ಹಿಡಿಯದೆ ನಡೆಯುತ್ತಿದ್ದೆ.

ನಡೆದರೆ ಸಾಲದು ಎಂದು ನನಗೆ ಅನ್ನಿಸಿದ್ದು ಕಾಕಾನ ಸೈಕಲ್ಲು ನೋಡಿ. ವಾರಕ್ಕೆ ಮೂರು ಬೆಳಿಗ್ಗೆ ಅವರು ಸೈಕಲ್ ಹೊಡೆದುಕೊಂಡು ಊರಂಚಿನ ಬೇಸಾ ಬಡಾವಣೆಯ ಆಚೆಗಿನ ಹಳ್ಳದ ದಂಡೆಯ ಕಾಡಿಗೆ ಹೋಗಿ ಬರುತ್ತಿದ್ದರು. ಹುಡುಗಿಯಾಗಿದ್ದಾಗ ನಾನೂ ಧಾರವಾಡದ ಏರುಗಳಲ್ಲಿ ಸೈಕಲ್ ತುಳಿದವಳೇ. ಸೈಕಲ್ ಮೇಲೆ ಕೂತು, ತಲೆ ಹಿಂದಕ್ಕೆ ತಿರುಗಿಸಿ ನೋಡಿ, ಬೀಳದೆ ಮುಂದೆ ಹೋಗಬಲ್ಲೆನಾದರೆ ಬೋರ್ಡಿನ ಮುಂದೆಯೂ ನಿಲ್ಲಬಲ್ಲೆ. ಇದು ನಾನೇ ನನಗೆ ಇಟ್ಟುಕೊಂಡ ಪರೀಕ್ಷೆ. ಮಗಳು ಬಿಟ್ಟುಹೋಗಿದ್ದ ಸೈಕಲ್ಲು ಮೆಟ್ಟಿಲ ಕೆಳಗಿತ್ತು. ಹೊರಗೆ ಎಳೆದು ಒರೆಸುತ್ತಿದ್ದಾಗ ಯಜಮಾನರು ಬಂದರು.

"ಏನ್ ನಡಸಿ?"

"ಸೈಕಲ್ ಕಲೀತೀನ್ರಿ."

"ತಲಿ ಕೆಟ್ಟೈತೇನು? ಡಾಕ್ಟರ್ ನಡೀರಿ ಅಂದಾರ. ಸೈಕಲ್ ಹೊಡೀರಿ ಅಂತ ಯಾರ ಅಂದಾರ? ಬಿದ್ದರ ಏನ್ ಮಾಡ್ತಿ?"

"ಏಳ್ತೀನ್ರಿ."

ಅವರು ಸಿಟ್ಟಿನಿಂದ ಒಳಗೆ ಹೋದರು. ಅದು ಸಿಟ್ಟಲ್ಲ, ಹೆದರಿಕೆ ಎಂದು ನನಗೆ ತಿಳಿಯುತ್ತಿತ್ತು. ಶ್ರಾವಣದಲ್ಲಿ ಶಾಲೆಯಿಂದ ನನ್ನನ್ನು ಎತ್ತಿಕೊಂಡು ಹೋದವರು ಅವರೇ. ಆದರೆ ಅವರ ಹೆದರಿಕೆಯನ್ನು ನೋಡುತ್ತ ಕೂತರೆ ನಾನು ಕೂತೇ ಬಿಡುತ್ತಿದ್ದೆ.

ಬೀದಿಯ ಕೊನೆಯ ಖಾಲಿ ಪ್ಲಾಟಿನಲ್ಲಿ ಕಲಿತೆ. ಕಾಕಾ ಹಿಂದಿನ ಸೀಟು ಹಿಡಿಯುತ್ತಿದ್ದರು. ಮೊದಲ ದಿನ ಆರು ಸಲ ಬಿದ್ದೆ, ಆರೂ ಎಡಕ್ಕೆ. ಸೈಕಲ್ಲು ತಾನಾಗಿ ಎಡಕ್ಕೆ ವಾಲುತ್ತದೆ ಎಂದೇ ನನಗೆ ಅನ್ನಿಸುತ್ತಿತ್ತು. ವಾಲುತ್ತಿದ್ದವಳು ನಾನು. "ಕಾಲ ಬುಡ ನೋಡಬೇಡಿ, ಬಾಈ. ದೂರದ ಒಂದು ಮರ ಹಿಡಿದುಕೊಳ್ಳಿ, ಕಣ್ಣಿಂದ," ಎನ್ನುತ್ತಿದ್ದರು ಕಾಕಾ. ಪ್ಲಾಟಿನ ತುದಿಯಲ್ಲಿ ಬೇವಿನ ಮರವಿತ್ತು. ಡಿಸೆಂಬರಿನ ಮಂಜಿನಲ್ಲಿ ಕೆಲವು ದಿನ ಅದೂ ಕಾಣುತ್ತಿರಲಿಲ್ಲ. ಬೆರಳು ಸೆಟೆದು ಬ್ರೇಕು ಹಿಡಿಯಲಾಗುತ್ತಿರಲಿಲ್ಲ. ಯಜಮಾನರ ಉಣ್ಣೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ತುಳಿದೆ. ಮೊಣಕೈ, ಮಂಡಿ, ಸೊಂಟ ಎಲ್ಲ ನೀಲಿಗಟ್ಟಿದವು. ಇಪ್ಪತ್ತು ದಿನದ ಮೇಲೆ ಒಂದು ಬೆಳಿಗ್ಗೆ ಪ್ಲಾಟನ್ನು ಮೂರು ಸುತ್ತು ಹಾಕಿ, ಏನೋ ಹೇಳಲು ಹಿಂದಿರುಗಿ ನೋಡಿದರೆ ಕಾಕಾ ದೂರದ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನೋಡಿದ ತಕ್ಷಣ ಬಿದ್ದೆ ಅನ್ನಿ. ಆದರೂ ಮೂರು ಸುತ್ತು ನನ್ನವೇ.

ಸಂಕ್ರಾಂತಿ ಮುಗಿದ ವಾರದಲ್ಲಿ ಕಾಕಾ ಹೇಳಿದರು, "ನಾಳೆ ಹಳ್ಳಕ್ಕೆ ಹೋಗೋಣ. ನಿಮಗೆ ರಾಜಹಕ್ಕಿ ತೋರಿಸ್ತೇನೆ." ಬೆಳ್ಳಗೆ, ಬಾಲದಲ್ಲಿ ಮೊಳದುದ್ದದ ಎರಡು ರಿಬ್ಬನ್ನು ಇರುವ ಹಕ್ಕಿ. ಹಳ್ಳದ ನೆರಳಿನಲ್ಲಿ ಹಿಂದಿನ ಚಳಿಗಾಲ ಒಂದೇ ಒಂದು ಸಲ ನೋಡಿದ್ದರಂತೆ.

ಬೆಳಿಗ್ಗೆ ಆರೂವರೆಗೆ ಹೊರಟೆವು. ಯಜಮಾನರು ಆಗಲೇ ಉಮರೇಡಿಗೆ ಹೋಗಿದ್ದರು. ಹಿಂದಿನ ರಾತ್ರಿಯೇ ಹೇಳಿದ್ದೆ. ಬೇಸಾ ದಾಟಿ, ಮಾರಾಟಕ್ಕಿಟ್ಟ ಲೇಔಟುಗಳ ಕಲ್ಲುಕಂಬಗಳ ಸಾಲು ಮುಗಿದ ಮೇಲೆ ತೊಗರಿಯ ಹೊಲಗಳು ಬಂದವು. ಹೊಲದಂಚಿನ ಬಂಡಿದಾರಿ ಹಿಡಿದು ಇಳಿದರೆ ಹಳ್ಳ. ಎರಡೂ ದಂಡೆಗೆ ಜಾಲಿ, ಮುತ್ತುಗ, ನೇರಳೆ, ಅವುಗಳ ಕೆಳಗೆ ಲಂಟಾನದ ಪೊದೆ. ಜಾಲಿಯ ಮುಳ್ಳಿಗೆ ಸಂಕ್ರಾಂತಿಯ ಗಾಳಿಪಟಗಳು ಸಿಕ್ಕಿಕೊಂಡು ಹರಿದು ನೇತಾಡುತ್ತಿದ್ದವು. ಅವುಗಳ ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಕುತ್ತಿಗೆಗೆ ತಾಗದಿರಲೆಂದು ಕಾಕಾ ಮುಂದೆ ಒಂದು ಕೋಲು ಹಿಡಿದು ನಿಧಾನ ಹೋಗುತ್ತಿದ್ದರು. ನೀರಿನ ಮೇಲೆ ಆವಿ ಏಳುತ್ತಿತ್ತು. ಮಿಂಚುಳ್ಳಿಯೊಂದು ನಮ್ಮ ಜೊತೆಗೇ ಕೊಂಬೆಯಿಂದ ಕೊಂಬೆಗೆ ಹಾರುತ್ತ ಬಂತು. ಬೇರುಗಳ ಮೇಲೆ ಸೈಕಲ್ಲು ಕುಪ್ಪಳಿಸಿದಾಗಲೆಲ್ಲ ಎಡಕ್ಕೆ ವಾಲುತ್ತಿದ್ದೆ. ಆದರೂ ಹ್ಯಾಂಡಲು ಬಿಡಲಿಲ್ಲ. ಬೆನ್ನು ಬೆವರಿತ್ತು, ಮೂಗಿನ ತುದಿ ಮರಗಟ್ಟಿತ್ತು. ಬಹಳ ದಿನದ ಮೇಲೆ ನನ್ನ ಮೈ ನನ್ನದೇ ಅನ್ನಿಸಿತು.

ಮೂರು ಕಿಲೋಮೀಟರ್ ಹೋದ ಮೇಲೆ ಹಳ್ಳಕ್ಕೆ ಅಡ್ಡವಾಗಿ ಕಟ್ಟಿದ ಸಣ್ಣ ಒಡ್ಡು ಬಂತು. ಸಿಮೆಂಟಿನದು, ಅಗಲ ಎರಡು ಅಡಿ, ಮೇಲೆ ತೆಳ್ಳಗೆ ನೀರು ಹರಿದು ಪಾಚಿ ಕಟ್ಟಿದೆ. ಸೈಕಲ್ಲುಗಳನ್ನು ಒಂದೊಂದಾಗಿ ದಾಟಿಸಿದೆವು. ಕೊನೆಗೆ ಕಾಕಾ ತಮ್ಮ ಚೀಲ ತರಲು ಇನ್ನೊಮ್ಮೆ ಆಚೆ ಹೋದರು. ಬರುವಾಗ ಕಾಲು ಜಾರಿತು. ಹಳ್ಳಕ್ಕೆ ಬೀಳಲಿಲ್ಲ, ಒಡ್ಡಿನ ಅಂಚಿನ ಕಲ್ಲುಗಳ ನಡುವೆ ಪಾದ ಸಿಕ್ಕಿ ತಿರುಚಿತು. ಅವರು ಕಿರುಚಲಿಲ್ಲ. "ಗೇಲಾ," ಎಂದರು ಸಣ್ಣ ದನಿಯಲ್ಲಿ, ಹೋಯಿತು ಎಂದು.

ಹೆಗಲಿಗೆ ಕೈ ಕೊಟ್ಟು ಹೇಗೋ ಈಚೆ ದಂಡೆಗೆ ತಂದು ನೇರಳೆ ಮರದ ಬುಡಕ್ಕೆ ಒರಗಿಸಿದೆ. ಬೂಟು ಬಿಚ್ಚುವಷ್ಟರಲ್ಲಿ ಕಾಲಗಂಟು ಬದನೆಕಾಯಿಯಂತೆ ಊದಿತ್ತು. ಮುಖ ಬಿಳುಚಿತ್ತು, ಪ್ಯಾಂಟು ತೊಯ್ದು ಮೈ ನಡುಗುತ್ತಿತ್ತು. ನನ್ನ ಶಾಲು ಹೊದಿಸಿ ಯಜಮಾನರಿಗೆ ಫೋನ್ ಮಾಡಿದೆ.

"ನಾ ಉಮರೇಡದಾಗ ಇದೀನಿ, ಬರಾಕ ಕಮ್ಮೀ ಅಂದರ ಒಂದೂವರಿ ತಾಸು ಬೇಕು. ಅಲ್ಲಿ ಗಾಡಿ ಬರತೈತೇನು?"

"ಈ ದಾರಿಗೆ ಕಾರು ಬರಂಗಿಲ್ರಿ."

"ಹಂಗಾರ ಅಲ್ಲೇ ಕುಂದರು. ಎಲ್ಲೂ ಹೋಗಬ್ಯಾಡ."

ಕಾಕಾ ಕಣ್ಣು ಮುಚ್ಚಿಯೇ ಹೇಳಿದರು, "ಈ ದಂಡೆ ಹಿಡಿದು ಎರಡು ಕಿಲೋಮೀಟರ್ ಮುಂದೆ ಹೋದರೆ ಹಳ್ಳಿಯಿದೆ. ತರಕಾರಿ ಗಾಡಿಗಳು ಅಲ್ಲಿಂದ ಹೊರಡ್ತವೆ. ಎಂಟೂವರೆಯ ಮೇಲೆ ಒಂದೂ ಸಿಗಲ್ಲ." ಗಂಟೆ ನೋಡಿದೆ. ಎಂಟು ದಾಟಿ ಹತ್ತು ನಿಮಿಷ.

ನಡೆದರೆ ಆಗುವುದಿಲ್ಲ. ಕಾಯಿಲೆ ಬಂದ ಮೇಲೆ ನಾನು ಒಬ್ಬಳೇ, ಹಿಂದೆ ಮುಂದೆ ಯಾರೂ ಇಲ್ಲದೆ, ಒಮ್ಮೆಯೂ ಸೈಕಲ್ ಹೊಡೆದಿರಲಿಲ್ಲ. ಸೈಕಲ್ಲು ಎತ್ತಿ ನಿಲ್ಲಿಸಿದೆ.

"ಹಳೂ ಹಳೂ, ಬಾಈ," ಎಂದರು ಕಾಕಾ.

"ನಿಧಾನ ಹೋದರೆ ಬೀಳ್ತೇನೆ, ಕಾಕಾ," ಎಂದು ತುಳಿದೆ.

ದಾರಿ ಎಂದರೆ ದನ ಓಡಾಡಿ ಆದ ಒಂದು ಗೆರೆ. ಎಡಕ್ಕೆ ಹಳ್ಳದ ಇಳಿಜಾರು. ನನ್ನ ಮೈ ವಾಲುವುದೂ ಅದೇ ಕಡೆಗೆ. ಒಂದು ಮರ ಹಿಡಿಯುವುದು, ಅದು ಹತ್ತಿರ ಬಂದ ಮೇಲೆ ಮುಂದಿನದನ್ನು ಹಿಡಿಯುವುದು. ಮುತ್ತುಗ, ಜಾಲಿ, ಮತ್ತೆ ಜಾಲಿ. ಒಂದು ತಿರುವಿನಲ್ಲಿ ಬಿಸಿಲು ಎಲೆಗಳ ನಡುವೆ ಹೊಳೆದು ಕಣ್ಣಿಗೆ ಹೊಡೆಯಿತು. ಹಿಡಿದಿದ್ದ ಮರ ತಪ್ಪಿತು, ನೆಲ ತಿರುಗಿತು, ಲಂಟಾನದ ಪೊದೆಯೊಳಗೆ ಬಿದ್ದೆ. ಅಲ್ಲೇ ಬಿದ್ದು ಕಣ್ಣು ಮುಚ್ಚಿಕೊಂಡೆ. ತಿರುಗುವುದು ನಿಲ್ಲುವವರೆಗೆ ಏಳಬಾರದು ಎಂದು ಐದು ತಿಂಗಳಲ್ಲಿ ಕಲಿತಿದ್ದೆ. ಒಂದರಿಂದ ಐವತ್ತರವರೆಗೆ ಎಣಿಸಿದೆ. ಎದ್ದು, ಕೈಗೆ ತರಚಿದ್ದನ್ನು ಸೀರೆಯ ಸೆರಗಿಗೆ ಒರೆಸಿ, ಮತ್ತೆ ಹತ್ತಿದೆ. ಅಳು ಬಂದಿತ್ತು. ಅಳುತ್ತಲೇ ತುಳಿದೆ, ಕಣ್ಣು ಮಂಜಾದರೆ ಬೀಳುತ್ತೇನೆಂದು ಹೊಳೆದ ಮೇಲೆ ಅಳುವುದನ್ನೂ ನಿಲ್ಲಿಸಿದೆ.

ಕಾಡು ಮುಗಿದಲ್ಲಿ ಮೆಂತ್ಯದ ಮಡಿಗಳು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬಳು ಬ್ಯಾಟರಿಯ ಮೂರು ಚಕ್ರದ ಗಾಡಿಗೆ ಸೊಪ್ಪಿನ ಕಟ್ಟುಗಳನ್ನು ಏರಿಸುತ್ತಿದ್ದಳು. ನಾನು ಸೈಕಲ್ಲಿಂದ ಇಳಿದದ್ದಕ್ಕಿಂತ ಉರುಳಿದ್ದೇ ಹೆಚ್ಚು. ನನ್ನ ಮರಾಠಿ ಒಳ್ಳೆಯ ದಿನದಲ್ಲೇ ಅಷ್ಟಕ್ಕಷ್ಟೆ, ಆ ಏದುಸಿರಿನಲ್ಲಿ ಹಿಂದಿಯೂ ಕನ್ನಡವೂ ಕಲಸಿ ಬಂತು. "ಒಡ್ಡು... ಕಾಕಾ... ಪಾಂವ್..." ಎಂದು ನನ್ನ ಕಾಲು ತೋರಿಸಿದೆ.

ಅವಳು ನನ್ನ ಕೈಯ ರಕ್ತ ನೋಡಿ, ಸೈಕಲ್ ನೋಡಿ, "ನೀವು ಕುಡಿದಿಲ್ಲ ತಾನೆ?" ಎಂದು ಕೇಳಿದಳು. ನಾನು ನಿಂತಲ್ಲೇ ತೂರಾಡುತ್ತಿದ್ದೆ.

"ಕಿವಿ ಸರಿಯಿಲ್ಲ," ಎಂದೆ.

ಅವಳಿಗೆ ಅದೇನು ಅರ್ಥವಾಯಿತೋ, ಏರಿಸಿದ್ದ ಸೊಪ್ಪನ್ನೆಲ್ಲ ಒಂದೊಂದೇ ಕಟ್ಟಾಗಿ ಇಳಿಸಿ ಹೊಲದ ಬದುವಿನ ಮೇಲೆ ಇಟ್ಟಳು. ಅಂದಿನ ಪೇಟೆ ತಪ್ಪಿತು ಎಂಬ ಮಾತೇ ಆಡಲಿಲ್ಲ. ಗಾಡಿಯನ್ನು ತಾನೇ ನಡೆಸಿದಳು. ದನದ ದಾರಿಯಲ್ಲಿ ಅದು ಹಾಯುವುದಿಲ್ಲವೆಂದು ಹೊಲಗಳ ನಡುವಿನ ಬಳಸುದಾರಿಯಲ್ಲಿ ಹೋಗಿ ಒಡ್ಡಿನ ಹತ್ತಿರ ನಿಲ್ಲಿಸಿದಳು. ಕಾಕಾ ಸೀಟಿ ಹೊಡೆಯುವುದು ಕೇಳಿಸಿತು. ಎಲ್ಲಿಂದ ಎಂದು ತಿಳಿಯದೆ ನಾನು ಸುತ್ತಲೂ ನೋಡುತ್ತಿದ್ದರೆ ಅವಳು ನನ್ನ ತೋಳು ಹಿಡಿದು ಆ ಕಡೆಗೆ ತಿರುಗಿಸಿದಳು.

ಕಾಕಾ ಮರದ ಬುಡದಲ್ಲಿ ಬಿಟ್ಟಲ್ಲೇ ಇದ್ದರು. ಮುಖದಲ್ಲಿ ನೋವಿತ್ತು, ಆದರೆ ಕಣ್ಣು ಬೇರೆಯೇ ಆಗಿತ್ತು.

"ಬಂತು, ಬಾಈ! ನೀವು ಹೋದ ಹತ್ತು ನಿಮಿಷಕ್ಕೆ. ಆ ಕೊಂಬೆಯ ಮೇಲೆ. ನೀರಿಗೆ ಇಳಿದು ಮೂರು ಸಲ ಮುಳುಗಿ ಎದ್ದು ಹೋಯಿತು. ಬಾಲ ಇಷ್ಟುದ್ದ!" ಎಂದು ಎರಡೂ ಕೈ ಅಗಲಿಸಿ ತೋರಿಸಿದರು.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ? ಕೈ ತರಚಿಕೊಂಡು ಓಡಾಡಿದವಳು ನಾನು, ರಾಜಹಕ್ಕಿ ಬಂದದ್ದು ಕೂತವರಿಗೆ. ಗಾಡಿಯ ಹೆಂಗಸು ಹಕ್ಕಿಯ ಸುದ್ದಿ ಕೇಳಿ, "ಅದು ದಿನಾ ಇರುತ್ತೆ ಇಲ್ಲಿ," ಎಂದು ಕಾಕಾನ ಕಂಕುಳಿಗೆ ಕೈ ಹಾಕಿದಳು. ನಾವಿಬ್ಬರೂ ಸೇರಿ ಅವರನ್ನು ಗಾಡಿಯ ಹಿಂದೆ ಗೋಣಿಚೀಲಗಳ ಮೇಲೆ ಮಲಗಿಸಿ, ಅವರ ಸೈಕಲ್ಲನ್ನು ಪಕ್ಕಕ್ಕೆ ಕಟ್ಟಿದೆವು.

ಮೂಳೆ ಸಣ್ಣಗೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದಾಗ ಯಜಮಾನರು ಗಣಿಯ ಧೂಳಿನಲ್ಲೇ ಬಂದರು. ನನ್ನ ಕೈಯ ಪಟ್ಟಿ ನೋಡಿದರು, ಕೆಸರಾದ ಸೀರೆ ನೋಡಿದರು. ಬೈಯುತ್ತಾರೆಂದು ಕಾದೆ.

"ಸೈಕಲ್ ಎಲ್ಲಿ ಬಿಟ್ಟಿ?"

"ಆಕಿ ಹೊಲದಾಗ ಐತ್ರಿ."

"ನಾಳೆ ಹೋಗಿ ತರೋಣು," ಎಂದರು. ನನ್ನ ಪಕ್ಕದಲ್ಲಿ ಕೂತು, "ಎಷ್ಟ ಸಲ ಬಿದ್ದಿ?"

"ಒಂದ."

"ಒಂದ?" ಎಂದು ಅವರು ನನ್ನ ಮುಖ ನೋಡಿದ ರೀತಿ, ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ನಾನು ನೋಡಿರಲಿಲ್ಲ.

ಮರುದಿನ ಹೋದಾಗ ಆ ಹೆಂಗಸಿಗೆ ಒಂದು ಡಬ್ಬಿ ಕರದಂಟು ಕೊಟ್ಟೆ. ಅವಳು ನಮಗೆ ಎರಡು ಕಟ್ಟು ಮೆಂತ್ಯ ಕೊಟ್ಟಳು. ಸೈಕಲ್ಲನ್ನು ಕಾರಿನ ಮೇಲೆ ಕಟ್ಟೋಣ ಎಂದು ಯಜಮಾನರು ಹಗ್ಗ ತಂದಿದ್ದರು. ನಾನು ಬೇಡವೆಂದು ಹತ್ತಿ ಕೂತೆ. ಮನೆಯವರೆಗೂ ಅವರು ಕಾರನ್ನು ನನ್ನ ಹಿಂದೆ ಎತ್ತಿನಗಾಡಿಯ ವೇಗದಲ್ಲಿ ನಡೆಸಿದರು. ಹಿಂದಿನವರೆಲ್ಲ ಹಾರ್ನು ಹೊಡೆದು ಹೊಡೆದು ಸುಸ್ತಾದರು. ಒಮ್ಮೆ ತಲೆ ಹಿಂದಕ್ಕೆ ತಿರುಗಿಸಿ ನೋಡಿದೆ, ಬೀಳಲಿಲ್ಲ.

ಫೆಬ್ರವರಿಯ ಮೊದಲ ವಾರ ಶಾಲೆಗೆ ಹೋದೆ. ಲೈಬ್ರರಿಗಲ್ಲ, ತರಗತಿಗೆ. ಮೊದಲ ದಿನ ಎರಡು ಸಲ ಮೇಜು ಹಿಡಿದೆ. ಮಕ್ಕಳಿಗೆ ಮೊದಲೇ ಹೇಳಿದ್ದೆ: ನನ್ನ ಎಡಗಡೆಯ ಬೆಂಚಿನವರು ಪ್ರಶ್ನೆ ಕೇಳುವಾಗ ಎದ್ದು ನಿಂತು ಕೈ ಬೀಸಬೇಕು, ಕೂಗಿದರೆ ನನಗೆ ತಿಳಿಯುವುದಿಲ್ಲ. ಅವರಿಗೆ ಅದೊಂದು ಆಟವಾಯಿತು. ಉತ್ತರ ಗೊತ್ತಿಲ್ಲದವರೂ ಎದ್ದು ಕೈ ಬೀಸುತ್ತಾರೆ.

ಈಗ ಭಾನುವಾರಗಳಂದು ಹಳ್ಳಕ್ಕೆ ಹೋಗುತ್ತೇನೆ. ಒಡ್ಡಿನ ಬಳಿ ನೇರಳೆ ಮರದ ಕೆಳಗೆ ಮುಕ್ಕಾಲು ಗಂಟೆ ಅಲ್ಲಾಡದೆ ಕೂರುತ್ತೇನೆ. ಐದು ಭಾನುವಾರವಾಯಿತು, ರಾಜಹಕ್ಕಿ ಬಂದಿಲ್ಲ. ಬಿಸಿಲು ಏರುತ್ತಿದೆ, ಹಳ್ಳದ ನೀರು ಕಡಿಮೆಯಾಗುತ್ತಿದೆ. ಇನ್ನೆರಡು ವಾರದಲ್ಲಿ ಸಿಗದಿದ್ದರೆ ಈ ವರ್ಷಕ್ಕೆ ಇಲ್ಲ ಎನ್ನುತ್ತಾರೆ ಕಾಕಾ.

ಅವರ ಪ್ಲಾಸ್ಟರು ಬಿಚ್ಚಿದ್ದಾರೆ, ಆದರೆ ಇನ್ನೊಂದು ತಿಂಗಳು ಸೈಕಲ್ಲು ಮುಟ್ಟಬಾರದೆಂದು ಡಾಕ್ಟರ ಆಜ್ಞೆ. ನಾನು ಹೊರಡುವ ಹೊತ್ತಿಗೆ ಕೋಲೂರಿಕೊಂಡು ಗೇಟಿಗೆ ಬರುತ್ತಾರೆ. ಬಗ್ಗಿ ಎರಡೂ ಚಕ್ರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮೊನ್ನೆ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಿದೆ ಎಂದು ತಕರಾರು ತೆಗೆದರು. ಯಜಮಾನರು ಒಳಗಿನಿಂದ ಪಂಪು ತಂದರು. ಒಬ್ಬರು ಒತ್ತುವುದು, ಇನ್ನೊಬ್ಬರು ಸಾಕು, ಸಾಲದು ಎಂದು ಹೇಳುವುದು, ಒಬ್ಬರದು ಧಾರವಾಡದ ಹಿಂದಿ, ಇನ್ನೊಬ್ಬರದು ವಿದರ್ಭದ ಮರಾಠಿ. ಅವರ ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಆರೂವರೆಯಾಗಿತ್ತು. ಪಂಪಿನ ನಳಿಗೆಯನ್ನು ನಾನೇ ಕಿತ್ತು, ಸೈಕಲ್ಲು ಹತ್ತಿ ಹೊರಟೆ.